ನೀರಿನ ಎತ್ತರದಿಂದ ಕೋಶದ ಬಿಗಿತ ಅಳೆದದ್ದು

ನಾಲ್ಕನೇ ಸಲವೂ ಅದೇ ಅಂಕಿ ಬಂತು. ಅದಕ್ಕೇ ಈಗ ಬರೆಯುತ್ತಿದ್ದೇನೆ. ಕ್ಯಾನ್ಸರ್ ಔಷಧಿ ಸಿಸ್‌ಪ್ಲಾಟಿನ್‌ಗೆ ಜಗ್ಗದ ಎ2780ಸಿಸ್ ಕೋಶಗಳು, ಅವುಗಳ ಮೂಲವಾದ ಅಂಡಾಶಯ ಕ್ಯಾನ್ಸರಿನ ಎ2780 ಕೋಶಗಳಿಗಿಂತ ಬಿಗಿ. ಇದನ್ನು ಅಳೆದದ್ದು ಗಾಜಿನ ನಳಿಗೆ ಮತ್ತು ನೀರಿನಿಂದ.

ಪುಣೆಯ ನಮ್ಮ ಲ್ಯಾಬಿನಲ್ಲಿ ಯಾರೂ ನಂಬಲಿಲ್ಲ. "ಕ್ಯಾನ್ಸರ್ ಕೋಶ ಮೆತ್ತಗಿರುತ್ತೆ ಅಲ್ವಾ? ನಿಮಗೆ ಉಲ್ಟಾ ಬರ್ತಿದೆ ಅಂದ್ರೆ ನಳಿಗೇನೇ ತಪ್ಪು" ಅಂದರು. 2007ರ ನೇಚರ್ ನ್ಯಾನೋಟೆಕ್ನಾಲಜಿ ಲೇಖನ ಎಲ್ಲರ ತಲೆಯಲ್ಲಿ ಕೂತಿದೆ. ರೋಗಿಗಳ ಎದೆಗೂಡಿನ ನೀರಿನಿಂದ ತೆಗೆದ ಹರಡುವ ಕ್ಯಾನ್ಸರ್ ಕೋಶಗಳು, ಸಾಮಾನ್ಯ ಕೋಶಗಳಿಗಿಂತ 70%ಕ್ಕೂ ಜಾಸ್ತಿ ಮೃದು ಎಂದು ಅದರಲ್ಲಿದೆ. ಅದು ಸರಿಯೇ. ಆದರೆ ನಾನು ಹೋಲಿಸುತ್ತಿದ್ದದ್ದು ಕ್ಯಾನ್ಸರ್ ಕೋಶವನ್ನು ಕ್ಯಾನ್ಸರ್ ಕೋಶದ ಜೊತೆ. ಪ್ರಶ್ನೆಯೇ ಬೇರೆ.

ಮೊದಲ ಎಂಟು ತಿಂಗಳು, ಸೂಜಿಯಿಂದ ಕೋಶವನ್ನು ಒತ್ತಿ ಬಿಗಿತ ಅಳೆಯುವ ಎಎಫ್‌ಎಂ ಯಂತ್ರದ ಹಿಂದೆ ಬಿದ್ದಿದ್ದೆ. ಗಂಟೆಗೆ ಸಾವಿರದ ಮೇಲೆ ಬಾಡಿಗೆ. ಸೂಜಿ ಮುರಿದರೆ ಮತ್ತೆ ಎರಡು ಸಾವಿರ. ಸುಮಾರು 70,000 ರೂಪಾಯಿ ಹೋಯಿತು. ಒಂದೇ ಕೋಶದ ನಡುವೆ ಒಂದು ಅಂಕಿ, ಅಂಚಿನಲ್ಲಿ ಇನ್ನೊಂದು. ದಿನಕ್ಕೆ ಹದಿನೈದು ಕೋಶ ಮುಗಿಸಿದರೆ ಹೆಚ್ಚು.

ಅದಕ್ಕಿಂತ ದೊಡ್ಡ ನಷ್ಟ ಔಷಧಿಯಲ್ಲಾಯಿತು. ಸಿಸ್‌ಪ್ಲಾಟಿನ್ ಅನ್ನು ರೂಢಿಯಂತೆ ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿದ್ದೆ. ಎರಡೂ ಬಗೆಯ ಕೋಶ ಸಾಯಲಿಲ್ಲ. ಎಲ್ಲವೂ ಔಷಧಿಗೆ ಜಗ್ಗದಂತಾಗಿವೆ ಎಂದು ಖುಷಿಪಟ್ಟೆ! ಡಿಎಂಎಸ್‌ಒ ಪ್ಲಾಟಿನಮ್ಮಿಗೆ ಅಂಟಿಕೊಂಡು ಔಷಧಿಯ ಶಕ್ತಿಯನ್ನೇ ಕಳೆಯುತ್ತದೆ ಎಂದು ಗೊತ್ತಾಗುವಷ್ಟರಲ್ಲಿ ಮೂರು ತಿಂಗಳು ಕಳೆದಿತ್ತು. ಈಗ 0.9% ಸಲೈನ್ ಮಾತ್ರ, ಅದೂ ಅವತ್ತಿನದು ಅವತ್ತೇ.

ಆಮೇಲೆ ನಳಿಗೆಗೆ ಬಂದೆ. ನಳಿಗೆಯಿಂದ ಕೋಶವನ್ನು ಎಳೆದು ನೋಡುವ ಪದ್ಧತಿ ಹೊಸದಲ್ಲ, 1954ರಲ್ಲೇ ಕಡಲ ಅರ್ಚಿನ್ ಮೊಟ್ಟೆಗಳ ಮೇಲೆ ಮಾಡಿದ್ದಾರೆ. ಒಂದು ಮಿಲಿಮೀಟರ್ ನೀರು ಅಂದರೆ 9.8 ಪ್ಯಾಸ್ಕಲ್. ಇಷ್ಟು ಸಣ್ಣ ಒತ್ತಡ ಕೊಡುವ ಅಗ್ಗದ ಪಂಪ್ ನನಗಂತೂ ಸಿಗಲಿಲ್ಲ. ಜುನಾ ಬಜಾರಿನಲ್ಲಿ ಒಂದು ಭಾನುವಾರ ಎತ್ತರ ಅಳೆಯುವ ಹಳೇ ಹೈಟ್ ಗೇಜ್ ಸಿಕ್ಕಿತು, 1,800 ರೂಪಾಯಿ. ನೀರಿನ ಬಾಟಲಿಯನ್ನು ಅದಕ್ಕೆ ಕಟ್ಟಲು ಹಿಡಿಕೆ ಮಾಡಿಕೊಟ್ಟವರು ಭೋಸರಿಯ ಲೇತ್ ಕೆಲಸದವರು, ವಿಜಯಪುರದ ಕಡೆಯವರು. "ಇಷ್ಟ ಸಣ್ಣ ನೀರಿಗಿ ಇಷ್ಟ ದೊಡ್ಡ ಗೇಜ್ ಯಾಕ್ರೀ ಸರ?" ಎಂದು ಕೇಳಿದರು. ಮೈಕ್ರೋಸ್ಕೋಪಿನಲ್ಲಿ ತೋರಿಸಿದ ಮೇಲೆ ಹಿಡಿಕೆಯನ್ನು ಬಿಚ್ಚಿ ಇನ್ನೊಮ್ಮೆ ನೇರ ಮಾಡಿಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ರಸ್ತೆಯಲ್ಲಿ ಬಸ್ ಹೋದರೆ ಚಿತ್ರ ನಡುಗುತ್ತಿತ್ತು. ಮೈಕ್ರೋಸ್ಕೋಪ್ ಕೂರಿಸಿದ ಕಡಪ ಕಲ್ಲಿನ ಕೆಳಗೆ ಸ್ಕೂಟರ್ ಟ್ಯೂಬ್ ಇಟ್ಟೆ, ನಡುಕ ನಿಂತಿತು. ಮೈಕ್ರೋಸ್ಕೋಪ್, ನಳಿಗೆಯನ್ನು ನವಿರಾಗಿ ಸರಿಸುವ ಮ್ಯಾನಿಪ್ಯುಲೇಟರ್ ಲ್ಯಾಬಿನಲ್ಲೇ ಇದ್ದವು. ಉಳಿದದ್ದೆಲ್ಲ ಸೇರಿ 40,000 ದಾಟಲಿಲ್ಲ.

ಕೋಶ ನಳಿಗೆಯ ಬಾಯಿಗೆ ಬಂದು ಕೂರುತ್ತದೆ. ನಳಿಗೆಗೆ ಕೊಳವೆಯಿಂದ ಸೇರಿಸಿದ ಬಾಟಲಿಯನ್ನು ಇಳಿಸಿದಂತೆ ಎಳೆತ ಹೆಚ್ಚಿ, ಕೋಶದ ಒಂದು ತುದಿ ಸಣ್ಣ ನಾಲಿಗೆಯ ಹಾಗೆ ಒಳಗೆ ಬರುತ್ತದೆ. ನಳಿಗೆಯ ಅರ್ಧ ಅಗಲದಷ್ಟು ಒಳಬಂದಾಗ ಬಾಟಲಿ ಎಷ್ಟು ಇಳಿದಿದೆ ಎಂದು ಬರೆದುಕೊಳ್ಳುತ್ತೇನೆ. ಪ್ರತಿ ಹೆಜ್ಜೆಗೂ ಒಂದು ನಿಮಿಷ ಕಾಯಲೇಬೇಕು, ನಾಲಿಗೆ ಇನ್ನೂ ಜಾರುತ್ತಿರುತ್ತದೆ. ಎ2780ಗೆ ಸುಮಾರು 42 ಮಿಲಿಮೀಟರ್ ಸಾಕು. ಎ2780ಸಿಸ್‌ಗೆ 65ರ ಆಸುಪಾಸು ಬೇಕು. ಅಳೆಯುವ ಮುಂಚೆ ಒಂದು ವಾರ ಔಷಧಿ ನಿಲ್ಲಿಸಿರುತ್ತೇನೆ, ಇಲ್ಲದಿದ್ದರೆ ಔಷಧಿ ಮಾಡಿದ ಗಾಯವನ್ನೇ ಅಳೆದಂತೆ. ಹಾಗಂತ ಪೂರ್ತಿ ಬಿಡುವಂತಿಲ್ಲ. ಕೋಶಗಳನ್ನು ಹೊಸ ತಟ್ಟೆಗೆ ಬದಲಿಸುವ ಎರಡು–ಮೂರು ಪ್ಯಾಸೇಜಿಗೊಮ್ಮೆ 1 ಮೈಕ್ರೋಮೋಲಾರ್ ಔಷಧಿ ಕೊಡಲೇಬೇಕು.

ಕೋಶ ಗಾಜಿಗೆ ಅಂಟದಂತೆ ಬಿಎಸ್‌ಎ ಪ್ರೋಟೀನಿನ ಲೇಪನ ಎಲ್ಲರೂ ಮಾಡುತ್ತಾರೆ. ನಳಿಗೆಯ ತುದಿಗೆ ಕೊನೆಯ ಬಿಸಿ ಹೇಗೆ ಕೊಡುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯಲ್ಲ. ಅದಕ್ಕೆ ಸುಟ್ಟ ಗಾಜು ಒಂದು ಡಬ್ಬಿ ತುಂಬಿದೆ.

ಎಎಫ್‌ಎಂ ನಡೆಸುವ ಗೆಳೆಯರು ಹೆಸರು ಮುಚ್ಚಿ ಕೋಶಗಳ ಆರು ಟ್ಯೂಬ್ ಕೊಟ್ಟರು. ಯಾವುದರಲ್ಲಿ ಯಾವ ಕೋಶ ಎಂದು ಆರೂ ಸರಿಯಾಗಿ ಹೇಳಿದೆ.

ಲ್ಯಾಟ್ರಂಕುಲಿನ್ ಎಂಬ ರಾಸಾಯನಿಕ ಹಾಕಿ, ಕೋಶದೊಳಗಿನ ಎಳೆಗಳ ಚೌಕಟ್ಟಾದ ಆಕ್ಟಿನ್ ಕೆಡಿಸಿದರೆ ಎರಡೂ 20 ಮಿಲಿಮೀಟರಿಗೆ ಇಳಿಯುತ್ತವೆ. ಅಂದರೆ ವ್ಯತ್ಯಾಸ ಇರುವುದು ಆಕ್ಟಿನ್ನಿನಲ್ಲೇ. ಆಕ್ಟಿನ್ ಎಳೆಯುವ ಮಯೋಸಿನ್ ಪ್ರೋಟೀನನ್ನು ತಡೆಯುವ ಬ್ಲೆಬ್ಬಿಸ್ಟಾಟಿನ್ ನೋಡೋಣ ಎಂದು ಹೋಗಿ ಒಂದು ವಾರ ಹಾಳು ಮಾಡಿಕೊಂಡೆ. ನೀಲಿ ಬೆಳಕಿಗೆ ಅದು ವಿಷವಾಗಿ ಕೋಶಗಳು ಸತ್ತವು, ಕೆಂಪು ಫಿಲ್ಟರ್ ಹಾಕಿಕೊಳ್ಳಿ. ಆಕ್ಟಿನ್ ಚೌಕಟ್ಟನ್ನು ಬಿಗಿಗೊಳಿಸುವ ರೋ ಕೈನೇಸ್ ಎಂಬ ಕಿಣ್ವವನ್ನು ತಡೆಯುವ ವೈ-27632 ಕೊಟ್ಟು ಆಮೇಲೆ ಸಿಸ್‌ಪ್ಲಾಟಿನ್ ಕೊಟ್ಟರೆ ಬಿಗಿ ಕೋಶಗಳು ಸ್ವಲ್ಪ ಜಾಸ್ತಿ ಸಾಯುತ್ತವೆ. ಮೂರು ಸಲ ಮಾಡಿದ್ದೇನೆ, ಎರಡು ಸಲ ಬಂತು. ನಾಲ್ಕನೆಯದು ಇನ್‌ಕ್ಯುಬೇಟರಿನಲ್ಲಿದೆ, ಗುರುವಾರ ಎಣಿಸಬೇಕು.