ಗೋಡೆಯ ಬೂಷ್ಟು: ಪೇಂಟ್ ಬಳಿಯುವ ಮೊದಲು ನೀರಿನ ದಾರಿ ಹುಡುಕಿ

ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಮಳೆಗಾಲದಲ್ಲಿ, ಕಪಾಟಿನ ಬಾಗಿಲು ತೆರೆದರೆ ಒಂದು ವಾಸನೆ ಬರುತ್ತದಲ್ವಾ? ಒದ್ದೆ ಗೋಣಿಯ ಹಾಗೆ. ಕಳೆದ ವರ್ಷ ಉಡುಪಿಯ ನಮ್ಮ ಮನೆಯಲ್ಲಿ ಅಮ್ಮನ ಕೋಣೆಯ ಕಪಾಟು ಎಳೆದು ನೋಡಿದೆ. ಹಿಂದಿನ ಗೋಡೆಯ ತುಂಬ ಕಾಳುಮೆಣಸಿನ ಹುಡಿ ಎರಚಿದಂತೆ ಕಪ್ಪು ಚುಕ್ಕಿ. ಬೆರಳು ತಾಗಿಸಿದರೆ ಗಾರೆ ಹುಡಿಯಾಗಿ ಉದುರಿತು. ಎರಡು ತಿಂಗಳಿಂದ ರಾತ್ರಿಯೆಲ್ಲ ಕೆಮ್ಮುತ್ತಿದ್ದ ಅಮ್ಮ ಮಲಗುತ್ತಿದ್ದದ್ದು ಅದೇ ಗೋಡೆಯ ಪಕ್ಕ. ಆ ಬೇಸಿಗೆಯಲ್ಲಷ್ಟೇ ಅದಕ್ಕೆ ಹೊಸ ಪೇಂಟ್ ಹೊಡೆಸಿದ್ದೆವು.

ಬೂಷ್ಟಿನ ಕಣಗಳು ಗಾಳಿಯಲ್ಲಿ ಯಾವಾಗಲೂ ಇರುತ್ತವೆ. ಅದಕ್ಕೆ ಬೇಕಾದದ್ದು ಪಸೆ. ಒದ್ದೆಯಾದ ಜಾಗ ಒಂದೆರಡು ದಿನದಲ್ಲಿ ಒಣಗದಿದ್ದರೆ ಸಾಕು, ಬೆಳೆಯಲು ಶುರು. ತೇವ, ಬೂಷ್ಟು ಇರುವ ಮನೆಗಳಲ್ಲಿ ಕೆಮ್ಮು, ಉಬ್ಬಸ, ಅಸ್ತಮಾ ಜಾಸ್ತಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರ ಮಾರ್ಗಸೂಚಿಯಲ್ಲೇ ಹೇಳಿದೆ. ಎಲ್ಲ ಕೆಮ್ಮೂ ಗೋಡೆಯಿಂದ ಬಂದದ್ದಲ್ಲ. ಆದರೆ ಬೇರೆ ಊರಿಗೆ ಹೋದಾಗ ಕಡಿಮೆಯಾಗಿ, ಮನೆಗೆ ಬಂದು ಮಲಗಿದ ಮೇಲೆ ಮತ್ತೆ ಹೆಚ್ಚಾದರೆ ಅದನ್ನು ಡಾಕ್ಟರಿಗೆ ಮರೆಯದೆ ಹೇಳಿ.

ಮೊದಲು, ನೀರು ಎಲ್ಲಿಂದ?

ಬೂಷ್ಟಿನ ಪಕ್ಕದಲ್ಲೇ ಗೋಡೆ ಒರೆಸಿ, ಒಂದು ಗೇಣಿನಷ್ಟು ಅಲ್ಯೂಮಿನಿಯಂ ಫಾಯಿಲ್ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಹಾಕಿ. ಎರಡು ದಿನ ಬಿಟ್ಟು ನೋಡಿ. ಕೋಣೆಯ ಕಡೆಗಿರುವ ಮುಖದಲ್ಲಿ ಹನಿ ಕೂತಿದ್ದರೆ ಅದು ಒಳಗಿನ ಗಾಳಿಯ ತೇವ. ಹಿಂಬದಿ ಒದ್ದೆಯಾಗಿದ್ದರೆ ನೀರು ಗೋಡೆಯೊಳಗಿಂದಲೇ ಬರುತ್ತಿದೆ. ನಮ್ಮಲ್ಲಿ ಹಿಂಬದಿಯೇ ಒದ್ದೆ.

ಒಳಗಿಂದ ಅಂದರೆ ಮತ್ತೆ ಎರಡು ದಾರಿ. ಕಲೆ ನೆಲದಿಂದ ಶುರುವಾಗಿ ಎರಡು-ಮೂರು ಅಡಿಗೆ ನಿಂತಿದ್ದರೆ ಮಣ್ಣಿನ ನೀರು ಮೇಲೇರುತ್ತಿದೆ. ನಮ್ಮ ಮುರಕಲ್ಲು ತೂತುತೂತಿನ ಕಲ್ಲು, ನೀರು ಹೀರುವುದು ಅದರ ಗುಣ. ಅಂಗಳದ ನೀರು ಗೋಡೆಬುಡದಲ್ಲಿ ನಿಲ್ಲದಂತೆ ಚರಂಡಿ ಬಿಡಿಸಿ. ಕಲೆ ಮೇಲಿದ್ದರೆ ಟೆರೇಸ್, ಪೈಪ್, ಕಿಟಕಿಯ ಅಂಚು ನೋಡಿ. ಕಡಲ ಕಡೆಯಿಂದ ಬೀಸುವ ಮಳೆ ಪಡುಗೋಡೆಗೇ ಜಾಸ್ತಿ ಹೊಡೆಯುತ್ತದೆ. ಹಿಂದಿನವರು ಆ ಬದಿಗೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದದ್ದು ಅದಕ್ಕೇ. ಈಗಿನ ಮನೆಗಳಿಗೆ ಉದ್ದದ ಸೂರೂ ಇಲ್ಲ, ತಟ್ಟಿಯೂ ಇಲ್ಲ.

ಆಮೇಲೆ ತೊಳೆಯುವುದು

ಮೂರಡಿ ಉದ್ದ, ಮೂರಡಿ ಅಗಲದೊಳಗಿನ ಕಲೆಯಾದರೆ ನೀವೇ ತೊಳೆಯಬಹುದು. ಅದಕ್ಕಿಂತ ದೊಡ್ಡದಾದರೆ, ಅಥವಾ ನಿಮಗೇ ಅಸ್ತಮಾ ಇದ್ದರೆ ಬೇರೆಯವರಿಂದ ಮಾಡಿಸಿ. ಎನ್95 ಮಾಸ್ಕ್, ಕೈಗವಸು ಹಾಕಿಕೊಳ್ಳಿ. ಒಣ ಪೊರಕೆಯಿಂದ ಗುಡಿಸಲೇಬೇಡಿ, ಕಣಗಳೆಲ್ಲ ಎದ್ದು ಮನೆಯಿಡೀ ಹರಡುತ್ತವೆ. ಸೋಪಿನ ನೀರಲ್ಲಿ ಒದ್ದೆ ಮಾಡಿಯೇ ಉಜ್ಜಿ, ಬಟ್ಟೆಯಿಂದ ಒರೆಸಿ, ಫ್ಯಾನ್ ಹಾಕಿ ಒಣಗಿಸಿ. ಬ್ಲೀಚಿಂಗ್ ಪೌಡರ್ ಜೊತೆ ಟಾಯ್ಲೆಟ್ ತೊಳೆಯುವ ಆಸಿಡ್ ಸೇರಿಸಿದರೆ ವಿಷಗಾಳಿ ಏಳುತ್ತದೆ, ಆ ಕೆಲಸ ಮಾತ್ರ ಬೇಡ. ಬೂಷ್ಟು ಹತ್ತಿದ ಹತ್ತಿ ಹಾಸಿಗೆ, ದಿಂಬು ಎಷ್ಟು ಒಣಗಿಸಿದರೂ ಸರಿಯಾಗದು. ಬೇಜಾರಾದರೂ ಬಿಸಾಡಿ.

ಗಾಳಿಯ ತೇವಕ್ಕೆ

ಮಳೆಗಾಲದಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ಮಲಗುವ ಕೋಣೆಯಲ್ಲಿ ಹಗ್ಗ ಕಟ್ಟಿ ಬಟ್ಟೆ ಒಣಹಾಕುವುದು. ಬಟ್ಟೆಯಿಂದ ಹೋದ ನೀರೆಲ್ಲ ಕೋಣೆಯಲ್ಲೇ ಇರುತ್ತದೆ. ಸಿಟೌಟಿನಲ್ಲಿ ಹಾಕಿ, ಇಲ್ಲವೇ ಬಾಗಿಲು ಮುಚ್ಚಿ ಎಕ್ಸಾಸ್ಟ್ ಫ್ಯಾನ್ ಓಡುವ ಬಚ್ಚಲುಮನೆಯಲ್ಲಿ. ಜಡಿಮಳೆ ಹೊತ್ತಲ್ಲಿ ಕಿಟಕಿ ತೆರೆದಿಟ್ಟರೆ ಸುಮ್ನೆ ತೇವ ಒಳಗೆ ಕರೆದಂತೆ. ಬಿಸಿಲು ಇಣುಕಿದಾಗ ಎದುರು-ಬದಿರು ಕಿಟಕಿ ಎರಡೂ ತೆರೆಯಿರಿ. ಎಸಿ ಇದ್ದರೆ ಡ್ರೈ ಮೋಡ್ ಸಹಾಯವಾಗುತ್ತದೆ. ತೇವ ಅಳೆಯುವ ಸಣ್ಣ ಮೀಟರ್ ಸಿಗುತ್ತದೆ, ಅದರಲ್ಲಿ ಶೇಕಡಾ 60ರ ಕೆಳಗೆ ತರಲು ನೋಡಿ. ಕಪಾಟು ಗೋಡೆಯಿಂದ ನಾಲ್ಕು ಬೆರಳು ದೂರ ಇರಲಿ.

ಬಿರುಕು ಮುಚ್ಚುವ ಕೆಲಸ ಮಾರ್ಚ್-ಏಪ್ರಿಲ್‌ನಲ್ಲಿ, ಗೋಡೆ ಪೂರ್ತಿ ಒಣಗಿದ ಮೇಲೆ. ಆದರೆ ಆಗ ನೀರು ಇಳಿದ ಜಾಗ ಕಾಣಿಸುವುದಿಲ್ಲ. ಹಾಗಾಗಿ ಮಳೆ ಸುರಿಯುತ್ತಿರುವಾಗಲೇ ಒದ್ದೆಯ ಸುತ್ತ ಪೆನ್ಸಿಲ್‌ನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ತಾರೀಕು ಬರೆದು, ಮೊಬೈಲಲ್ಲಿ ಒಂದು ಫೋಟೋ ತೆಗೆದಿಡಿ.