ಡೇ ಸೆಂಟರ್‌ನಿಂದ ಲಾಲ್‌ಬಾಗ್‌ಗೆ ಹೋಗುವುದಾದರೆ

ಬೆಂಗಳೂರಿನಲ್ಲಿ ಬುದ್ಧಿಮಾಂದ್ಯತೆ, ಆಟಿಸಂ ಇರುವ ದೊಡ್ಡವರು ಹಗಲು ಹೊತ್ತು ಬಂದು ಕಳೆಯುವ ಡೇ ಸೆಂಟರ್ ನಡೆಸುವವರೇ, ವಾರದ ಸುತ್ತಾಟಕ್ಕೆ ಲಾಲ್‌ಬಾಗ್ ಒಳ್ಳೆಯದು. ಶನಿವಾರ, ಭಾನುವಾರ ಮಾತ್ರ ಬೇಡ. ಆಗಸ್ಟ್ 15, ಜನವರಿ 26ರ ಆಸುಪಾಸು ಫ್ಲವರ್ ಶೋ ಇರುತ್ತದೆ, ಆ ಗದ್ದಲ ಕೆಲವರಿಗೆ ತೀರಾ ಜಾಸ್ತಿ. ಮೆಟ್ರೋ ಹಸಿರು ಮಾರ್ಗದ ಲಾಲ್‌ಬಾಗ್ ನಿಲ್ದಾಣದಲ್ಲಿ ಲಿಫ್ಟ್ ಇದೆ. ಆಫೀಸಿನ ರಶ್ ಇಳಿದ ಮೇಲೆ ಹೊರಡಿ.

ಹಿಂದಿನ ದಿನವೇ ಮೆಟ್ರೋ, ಗಾಜಿನ ಮನೆ, ಕೆರೆ, ಊಟದ ಡಬ್ಬಿಯ ಫೋಟೋಗಳನ್ನು ಸಾಲಾಗಿ ಗೋಡೆಗೆ ಅಂಟಿಸಿ. ಮುಂದೇನು ಅಂತ ಗೊತ್ತಿದ್ದರೆ ಗಾಬರಿ ಕಡಿಮೆ. ಎಲ್ಲಿಗೆ ಹೋಗೋಣ ಅಂತ ಸೆಂಟರ್‌ಗೆ ಬರುವವರನ್ನೇ ಕೇಳಿ. ಮಾತು ಬಾರದವರ ಮುಂದೆ ಎರಡು ಫೋಟೋ ಇಟ್ಟರೆ ಬೆರಳಿಟ್ಟು ತೋರಿಸಬಹುದು. ದೊಡ್ಡವರು ಅಲ್ವಾ, ಶಾಲೆ ಮಕ್ಕಳ ಹಾಗೆ ಕೈಕೈ ಹಿಡಿಸಿ ಸಾಲಲ್ಲಿ ನಡೆಸಬೇಡಿ. ಟಿಕೆಟ್ ಅವರೇ ಕೊಳ್ಳಲಿ, ಹಿಂದಿನವರು ಸ್ವಲ್ಪ ಕಾದರೆ ಏನೂ ಆಗಲ್ಲ. ಒಳಗೆ ಹೋದ ತಕ್ಷಣ ಶೌಚಾಲಯ ಎಲ್ಲಿದೆ ನೋಡಿಟ್ಟುಕೊಳ್ಳಿ.