ಪಿಆರ್ ಕಾರ್ಡಿನ ತಾರೀಖು ಮುಗಿದರೆ: ಕೆನಡಾಕ್ಕೆ ಬರುವ ಮಲೆನಾಡಿನವರಿಗೆ

ತೀರ್ಥಹಳ್ಳಿ, ಸಾಗರ, ಹೊಸನಗರ ಕಡೆಯಿಂದ ಕೆನಡಾಕ್ಕೆ ಬಂದು ಇಳಿದವರು ಬಾಡಿಗೆ ಮನೆ, ಕೆಲಸ, ಮಕ್ಕಳ ಸ್ಕೂಲು, ಚಳಿಗಾಲದ ಜಾಕೆಟ್ಟು ಎಲ್ಲದರ ಬಗ್ಗೆಯೂ ಕೇಳುತ್ತಾರೆ. ಪಿಆರ್ ಕಾರ್ಡಿನ ಬಗ್ಗೆ ಕೇಳುವವರು ಕಡಿಮೆ. ಪಿಆರ್ ಅಂದರೆ ಕೆನಡಾದಲ್ಲಿ ಕಾಯಂ ಆಗಿ ನೆಲೆಸುವ ಅನುಮತಿ, ಕಾರ್ಡು ಅದರ ಗುರುತು. ಅದು ನೆನಪಾಗುವುದು ಊರಿಂದ ಫೋನ್ ಬಂದಾಗ. ಅಪ್ಪನಿಗೆ ಹುಷಾರಿಲ್ಲ, ಬೇಗ ಹೊರಟು ಬಾ ಅಂತ. ಆಗ ಕಾರ್ಡ್ ತೆಗೆದು ನೋಡಿದರೆ ತಾರೀಖು ಮುಗಿದಿರುತ್ತದೆ, ಇಲ್ಲವೇ ಇನ್ನೇನು ಮುಗಿಯುತ್ತಿರುತ್ತದೆ. ಅದಕ್ಕೇ ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಕಾರ್ಡಿನ ಅವಧಿ ಮುಗಿದರೆ ನಿಮ್ಮ ಪಿಆರ್ ಹೋಗುವುದಿಲ್ಲ. ಕಾರ್ಡು ಬೇರೆ, ಪಿಆರ್ ಬೇರೆ. ಪಿಆರ್ ಹೋಗಬೇಕಾದರೆ ನೀವು ಪೌರತ್ವ ತೆಗೆದುಕೊಂಡಿರಬೇಕು, ಇಲ್ಲವೇ ನೀವಾಗಿಯೇ ಬಿಟ್ಟುಕೊಟ್ಟಿರಬೇಕು, ಇಲ್ಲವೇ ಅಧಿಕಾರಿ ನಿಮ್ಮ ವಿರುದ್ಧ ತೀರ್ಮಾನ ಮಾಡಿ ಮೇಲ್ಮನವಿಯೂ ಮುಗಿದಿರಬೇಕು. ತಾರೀಖು ದಾಟಿತು ಅಂತ ಯಾರೂ ಬಂದು ಬಾಗಿಲು ತಟ್ಟುವುದಿಲ್ಲ. ಕೆನಡಾದ ಒಳಗೆ ಇರುವವರೆಗೆ ಕೆಲಸಕ್ಕೂ ಮಕ್ಕಳ ಸ್ಕೂಲಿಗೂ ತೊಂದರೆ ಇಲ್ಲ. ದಂಡವೂ ಇಲ್ಲ. ಕಷ್ಟ ಶುರುವಾಗುವುದು ದೇಶದ ಹೊರಗೆ ಕಾಲಿಟ್ಟ ಮೇಲೆ.

ತೀರ್ಥಹಳ್ಳಿ ಕಡೆಯ ಪರಿಚಯದವರೊಬ್ಬರ ಕತೆ ಇದು. ಅವರ ತಂದೆ ಮಳೆಗಾಲದಲ್ಲಿ ತೋಟದ ಬಸಿಗಾಲುವೆ ದಾಟುವಾಗ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಶಿವಮೊಗ್ಗದಲ್ಲಿ ಆಪರೇಷನ್ ಆಯಿತು. ಮಗ ಸ್ವಲ್ಪ ದಿನದ ರಜೆ ಹಾಕಿ ಬಂದಿದ್ದರು. ಆದರೆ ಮನೆಯಲ್ಲಿ ಇನ್ನೊಬ್ಬರಿಲ್ಲ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಬೇಕು, ಆಮೇಲೆ ಕೊಯ್ಲು, ಸುಲಿಸುವುದು, ಬೇಯಿಸುವುದು, ಒಣಗಿಸುವುದು. ನಮ್ಮ ಕಡೆಯ ಮನೆಯಲ್ಲಿ ಒಂದು ಕೆಲಸದ ಹಿಂದೆ ಇನ್ನೊಂದು ಹೇಗೆ ಬರುತ್ತದೆ ಅಂತ ನಿಮಗೆ ಗೊತ್ತಲ್ವಾ. ಅಡಿಕೆ ಅಂಗಳದಲ್ಲಿ ಒಣಗುತ್ತಿರುವಾಗ ಕಾರ್ಡಿನ ತಾರೀಖು ದಾಟಿತು.

ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬ್ಯಾಗುಗಳು ಬೆಲ್ಟಿನ ಮೇಲೆ ಹತ್ತಿ ಆಗಿತ್ತು. ಕೌಂಟರಿನ ಹುಡುಗಿ ಕಾರ್ಡನ್ನು ದೀಪದ ಕಡೆ ತಿರುಗಿಸಿ ತಾರೀಖು ಓದಿದಳು. ಇನ್ನೊಮ್ಮೆ ಓದಿದಳು. ಮೇಲಿನವರನ್ನು ಕರೆದಳು. ಅವರು ಕಾರ್ಡು, ಪಾಸ್‌ಪೋರ್ಟು ಎರಡನ್ನೂ ನೋಡಿ, ಬ್ಯಾಗ್ ಇಳಿಸಿ ಅಂದರು. ಸರಿಯಾದ ದಾಖಲೆ ಇಲ್ಲದವರನ್ನು ಕರೆದೊಯ್ದರೆ ವಿಮಾನ ಕಂಪನಿಯೇ ದುಡ್ಡು ಕಟ್ಟಬೇಕಾಗುತ್ತದೆ. ಎಷ್ಟು ಬೇಡಿಕೊಂಡರೂ ಅವರು ಒಪ್ಪುವುದಿಲ್ಲ.

ಹೀಗಾದರೆ ಇರುವ ದಾರಿ ಪಿಆರ್ ಪ್ರಯಾಣ ದಾಖಲೆ, ಅಂದರೆ ಕಾರ್ಡಿಲ್ಲದೆ ಹೊರಗೆ ಸಿಕ್ಕಿಕೊಂಡವರು ವಾಪಸ್ ಹೋಗಲು ಕೊಡುವ ಕಾಗದ. ಭಾರತದಿಂದಲೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು, ಶುಲ್ಕ 50 ಕೆನಡಾ ಡಾಲರ್. ಅವರು ಅದನ್ನೇ ಮಾಡಿದರು. ತೆರಿಗೆ ಪತ್ರ, ಸಂಬಳದ ಚೀಟಿ, ಬಾಡಿಗೆ ಕರಾರು, ಮಕ್ಕಳ ಸ್ಕೂಲಿನ ಪತ್ರ ಎಲ್ಲವನ್ನೂ ಹೆಂಡತಿ ಅಲ್ಲಿಂದ ಒಂದೊಂದಾಗಿ ಫೋಟೋ ತೆಗೆದು ಕಳಿಸಿದರು. ಅಪ್ಪ ಇಲ್ಲದೇ ಮಕ್ಕಳ ದಿನಗಳು ಕಳೆದವು. ಪಿಆರ್ ಉಳಿಯಲು ಕೆನಡಾದಲ್ಲಿ ಇಷ್ಟು ದಿನ ಇದ್ದಿರಬೇಕು ಅಂತ ಲೆಕ್ಕವಿದೆ, ಅದನ್ನು ಮುಂದೆ ಹೇಳುತ್ತೇನೆ. ಅವರಿಗೆ ಆ ದಿನಗಳ ಕೊರತೆ ಇರಲಿಲ್ಲ, ಅದಕ್ಕೇ ದಾಖಲೆ ಸಿಕ್ಕಿತು. ನೆನಪಿಡಿ, ಪಿಆರ್ ಇರುವವರಿಗೆ ವಿಸಿಟರ್ ವೀಸಾ ಕೊಡುವುದಿಲ್ಲ. ಸುಮ್ನೆ ಅದಕ್ಕೆ ಅರ್ಜಿ ಹಾಕಿ ಹಣ ಕಳೆದುಕೊಳ್ಳಬೇಡಿ. ಅಮೆರಿಕದ ವೀಸಾ ಇದ್ದವರು ಅಲ್ಲಿಗೆ ಹಾರಿ, ಖಾಸಗಿ ಕಾರಿನಲ್ಲಿ ಗಡಿ ದಾಟಿ ಬರುವುದುಂಟು. ಪಿಆರ್ ಅಂತ ಖಚಿತವಾದರೆ ಗಡಿಯ ಅಧಿಕಾರಿ ಒಳಗೆ ಬಿಡಲೇಬೇಕು. ಆದರೆ ದಿನ ಕಡಿಮೆ ಬಿದ್ದಿದ್ದರೆ ಅಲ್ಲೇ ನಿಮ್ಮ ವಿರುದ್ಧ ವರದಿ ಬರೆಯಬಹುದು.

ಕಾಗದಪತ್ರದ ಕೆಲಸ ದೊಡ್ಡದೇನಲ್ಲ. ಕಾರ್ಡು ಸಾಮಾನ್ಯವಾಗಿ 5 ವರ್ಷದ್ದು. 9 ತಿಂಗಳಿಗಿಂತ ಕಡಿಮೆ ಉಳಿದಾಗ ನವೀಕರಣಕ್ಕೆ ಹಾಕಿ. ಶುಲ್ಕ ಇದಕ್ಕೂ 50 ಡಾಲರ್. ಅರ್ಜಿ ಹಾಕುವಾಗ ನೀವು ಕೆನಡಾದಲ್ಲೇ ಇರಬೇಕು. ಮನೆಯವರಿಗೆ ತೀರಾ ಹುಷಾರಿಲ್ಲ ಅಥವಾ ತೀರಿಕೊಂಡಿದ್ದಾರೆ ಅಂದರೆ ಪುರಾವೆ ಲಗತ್ತಿಸಿ ತುರ್ತು ಅಂತ ಕೇಳಬಹುದು. ಹೊಸದಾಗಿ ಬಂದವರು ಇಳಿದ 180 ದಿನದೊಳಗೆ ಕೆನಡಾದ ವಿಳಾಸ ಕೊಡಬೇಕು, ಇಲ್ಲದಿದ್ದರೆ ಮೊದಲ ಕಾರ್ಡಿಗೂ ಬೇರೆ ಅರ್ಜಿ, ಬೇರೆ ಶುಲ್ಕ. ಊರಿನ ಮನೆ ಖಾಲಿ ಮಾಡಿ ಬರುತ್ತೇವೆ ಅಂತ ಮೊದಲ ಕಾರ್ಡು ಕೈಗೆ ಬರುವ ಮೊದಲೇ ಹಿಂತಿರುಗುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ, ದಿನಗಳ ಲೆಕ್ಕ. ಯಾವುದೇ 5 ವರ್ಷ ತೆಗೆದುಕೊಂಡರೂ ಅದರಲ್ಲಿ 730 ದಿನ ಕೆನಡಾದಲ್ಲಿ ಇದ್ದಿರಬೇಕು. ಒಂದು ದಿನದಲ್ಲಿ ಒಂದು ಗಂಟೆ ಇದ್ದರೂ ಅದು ಒಂದು ದಿನವೇ. ಈ 5 ವರ್ಷವನ್ನು ಕಾರ್ಡಿನ ತಾರೀಖಿನಿಂದ ಎಣಿಸುವುದಿಲ್ಲ. ಅಧಿಕಾರಿ ನಿಮ್ಮನ್ನು ಪರಿಶೀಲಿಸಿದ ದಿನದಿಂದ ಹಿಂದಕ್ಕೆ ಎಣಿಸುತ್ತಾರೆ. ಎಷ್ಟೋ ಜನ ಎಡವುವುದು ಇಲ್ಲೇ. ಮೊದಲ 2 ವರ್ಷ ಕೆನಡಾದಲ್ಲಿದ್ದು, 730 ಮುಗಿಯಿತು ಅಂತ ಊರಿಗೆ ಬಂದು 3 ವರ್ಷ ಕೂತವರನ್ನು ನೋಡಿ. ಅವರು ಸರಿಯಾದ ಹೊತ್ತಿಗೆ ವಾಪಸ್ ಬಂದರೂ ಮುಂದಿನ 2 ವರ್ಷ ಅಲ್ಲಾಡುವ ಹಾಗಿಲ್ಲ. ಹಿಂದಿನ ಒಂದೊಂದು ದಿನ ಲೆಕ್ಕದಿಂದ ಜಾರುತ್ತಾ ಹೋಗುತ್ತದೆ, ಅದರ ಜಾಗಕ್ಕೆ ಹೊಸ ದಿನ ಸೇರಬೇಕು. ಆ 2 ವರ್ಷದಲ್ಲಿ ಊರಿಗೆ ಒಂದು ವಾರ ಬಂದರೂ 730ಕ್ಕಿಂತ ಕೆಳಗೆ. ಅಮ್ಮನನ್ನು ನೋಡಲು ಹೋಗಬೇಕಾದ ದಿನವೇ ಅದರೊಳಗೆ ಬಂದರೆ ಏನು ಮಾಡುತ್ತೀರಿ?

ಹಾಗಾಗಿ ಮನೆಯಲ್ಲಿ ಕೊಯ್ಲಿನ ಲೆಕ್ಕ ಬರೆದಿಡುವ ಹಾಗೆ ಹೋದ ದಿನ, ಬಂದ ದಿನ ಬರೆದಿಡಿ. ಪಾಸ್‌ಪೋರ್ಟಿನ ಮುದ್ರೆ ನಂಬಿ ಕೂರಬೇಡಿ, ಕೆನಡಾದ ನಿಲ್ದಾಣಗಳಲ್ಲಿ ಯಂತ್ರದ ಮುಂದೆ ನಿಂತು ಬಂದರೆ ಎಷ್ಟೋ ಸಲ ಮುದ್ರೆಯೇ ಬೀಳುವುದಿಲ್ಲ. ದಿನ ಹೆಚ್ಚು ಮಾಡಿ ತೋರಿಸುವ ಯೋಚನೆಯೂ ಬೇಡ. 2020ರಿಂದ ವಿಮಾನದಲ್ಲಿ ಹೊರಗೆ ಹೋದವರ ವಿವರ ಕೂಡ ಸರ್ಕಾರದ ಬಳಿ ಇರುತ್ತದೆ.

ದಿನ ಕಡಿಮೆ ಬಿದ್ದಿದೆಯಾ, ನೀವು ಕೆನಡಾದಲ್ಲೇ ಇದ್ದೀರಾ? ಹಾಗಾದರೆ ನವೀಕರಣಕ್ಕೆ ಅವಸರ ಮಾಡಬೇಡಿ. ಮುಗಿದ ಕಾರ್ಡನ್ನೇ ಇಟ್ಟುಕೊಂಡು ದಿನ ತುಂಬುವವರೆಗೆ ಅಲ್ಲೇ ಇರಿ, ಆಮೇಲೆ ಅರ್ಜಿ ಹಾಕಿ. ಹೊರಗೆ ಸಿಕ್ಕಿಕೊಂಡವರ ಅರ್ಜಿಯನ್ನು ತಿರಸ್ಕರಿಸಿದರೆ 60 ದಿನದೊಳಗೆ ಮೇಲ್ಮನವಿ ಹಾಕಬೇಕು. ಹಾಸಿಗೆ ಹಿಡಿದ ತಂದೆ ತಾಯಿಯನ್ನು ನೋಡಿಕೊಂಡೆ, ಮಕ್ಕಳು ಕೆನಡಾದಲ್ಲೇ ಓದುತ್ತಿದ್ದಾರೆ ಅನ್ನುವುದನ್ನು ಮಾನವೀಯ ಕಾರಣ ಅಂತ ಪರಿಗಣಿಸಬಹುದು. ಆದರೆ ಹಾಗೆ ಹೊರಗೆ ಕಳೆದ ದಿನಗಳು 730ರ ಲೆಕ್ಕಕ್ಕೆ ಹಕ್ಕಾಗಿ ಸೇರುವುದಿಲ್ಲ. ಆಸ್ಪತ್ರೆಯ ಬಿಲ್ಲು, ಡಿಸ್ಚಾರ್ಜ್ ಪತ್ರ, ಡಾಕ್ಟರ ಚೀಟಿ ಒಂದನ್ನೂ ಬಿಸಾಡಬೇಡಿ.

ಮಕ್ಕಳ ಕಾರ್ಡನ್ನೂ ನೋಡಿ. ಕೆನಡಾದಲ್ಲಿ ಹುಟ್ಟಿದ ಮಗುವಿಗೆ ಪೌರತ್ವ ಇರುತ್ತದೆ, ನಿಮ್ಮ ಜೊತೆ ಬಂದ ಮಗುವಿಗೆ ಪಿಆರ್. ಒಂದೇ ಮನೆಯಲ್ಲಿ ಅಣ್ಣ ಒಂದು ಸಾಲು, ತಂಗಿ ಒಂದು ಸಾಲು. ಮೂರು ವರ್ಷದವನಾಗಿದ್ದಾಗ ಅಜ್ಜಿಯ ಸೆರಗು ಬಿಡದೆ ಕೊಟ್ಟಿಗೆಯವರೆಗೂ ಹೋಗುತ್ತಿದ್ದ ಹುಡುಗ, ಎಂಟು ವರ್ಷಕ್ಕೆ ಬಂದಾಗ ಉಂಬಳಕ್ಕೆ (ಜಿಗಣೆಗೆ) ಹೆದರಿ ಅಂಗಳಕ್ಕೇ ಇಳಿಯುವುದಿಲ್ಲ. ಅಜ್ಜಿ ಕೇಳಿದ್ದಕ್ಕೆ ಅಮ್ಮನ ಮುಖ ನೋಡುತ್ತಾನೆ. ಇದಕ್ಕೆ ಯಾವ ಅರ್ಜಿಯೂ ಇಲ್ಲ. ದಿನ ಕೈಯಲ್ಲಿರುವಾಗಲೇ, ವರ್ಷಕ್ಕೆ ಸ್ವಲ್ಪ ಸ್ವಲ್ಪವಾಗಿ ಊರಿಗೆ ಖರ್ಚು ಮಾಡಿ. ಒಟ್ಟಿಗೆ ಹೋಗಿ ಇರೋಣ ಅಂತ ಕೂಡಿಡಬೇಡಿ.

ಹಾಗಾದರೆ ಪೌರತ್ವವನ್ನೇ ತಗೊಂಡರೆ ಈ ಲೆಕ್ಕವೇ ಬೇಡವಲ್ಲ ಅಂತ ಕೇಳಬಹುದು. ನಿಜ. 5 ವರ್ಷದಲ್ಲಿ 1095 ದಿನ ಇದ್ದವರು ಅರ್ಜಿ ಹಾಕಬಹುದು, ಆಮೇಲೆ ದಿನ ಎಣಿಸುವ ಕೆಲಸವಿಲ್ಲ. ಮಲೆನಾಡಿನವರು ಇಲ್ಲಿ ತಡೆದು ನಿಲ್ಲುವುದು ತೋಟಕ್ಕಾಗಿ. ಪೌರತ್ವ ತಗೊಂಡರೆ ಅಪ್ಪನ ತೋಟ ಕೈಬಿಡುತ್ತದೆ ಅನ್ನುವ ಭಯ. ಆ ಭಯಕ್ಕೆ ಅಷ್ಟು ಕಾರಣವಿಲ್ಲ. ಕೃಷಿ ಜಮೀನು, ತೋಟ ಕೊಳ್ಳುವುದು ಓಸಿಐ (ಬೇರೆ ದೇಶದ ಪೌರತ್ವ ತಗೊಂಡ ಭಾರತ ಮೂಲದವರಿಗೆ ಭಾರತ ಕೊಡುವ ಕಾರ್ಡು) ಇದ್ದವರಿಗೆ ಹೇಗೆ ಆಗುವುದಿಲ್ಲವೋ, ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ವಿದೇಶದಲ್ಲಿ ನೆಲೆಸಿದವರಿಗೂ ಹಾಗೇ ಆಗುವುದಿಲ್ಲ. ಹಿರಿಯರಿಂದ ವಾರಸುದಾರಿಕೆಯಲ್ಲಿ ಬಂದದ್ದನ್ನು ಇಬ್ಬರೂ ಇಟ್ಟುಕೊಳ್ಳಬಹುದು. ಬದುಕಿರುವಾಗ ದಾನಪತ್ರದ ಮೂಲಕ ಕೊಡುವುದು ಬೇರೆ ವಿಷಯ, ಅದಕ್ಕೆ ಅವಕಾಶವಿಲ್ಲ. ಆದ್ದರಿಂದ ಅಪ್ಪ ಅಮ್ಮ ಇರುವಾಗಲೇ ಕೂತು ಮಾತಾಡಿ, ವಿಲ್ ಮಾಡಿಸಿ, ಪಹಣಿಯಲ್ಲಿ ಹೆಸರು ಸರಿ ಇದೆಯಾ ನೋಡಿ.

ಕಳೆದುಕೊಳ್ಳುವುದು ಏನೂ ಇಲ್ಲ ಅಂತ ನಾನು ಹೇಳುವುದಿಲ್ಲ. ಇನ್ನೊಂದು ದೇಶದ ಪೌರತ್ವ ತಗೊಂಡ ದಿನವೇ ಭಾರತದ್ದು ಹೋಗುತ್ತದೆ. ಊರಿನ ಸ್ಕೂಲಿನ ಮತಗಟ್ಟೆಯಲ್ಲಿ ಸಾಲು ನಿಲ್ಲುವ ಹಕ್ಕು ಮತ್ತೆ ಬರುವುದಿಲ್ಲ. ಅದು ನನಗೆ ಇವತ್ತಿಗೂ ನೋವಿನ ವಿಷಯವೇ. ಆದರೂ ಕಾಯಿಲೆಯ ತಾಯಿಯ ಪಕ್ಕ ಎಷ್ಟು ದಿನ ಬೇಕೋ ಅಷ್ಟು ದಿನ ಕೂರಬಹುದು ಅನ್ನುವುದು ಸಣ್ಣ ಮಾತಲ್ಲ. ನಿರ್ಧಾರ ನಿಮ್ಮದು. ತಗೊಳ್ಳುವುದಾದರೆ ಭಾರತದ ಪಾಸ್‌ಪೋರ್ಟನ್ನು ಕ್ರಮವಾಗಿ ಒಪ್ಪಿಸಿ, ತಡಮಾಡದೆ ಓಸಿಐಗೆ ಹಾಕಿ. ಓಸಿಐ ಅಥವಾ ಭಾರತದ ವೀಸಾ ಕೈಗೆ ಬರುವ ತನಕ ಬೆಂಗಳೂರಿಗೆ ಟಿಕೆಟ್ ಮಾಡಬೇಡಿ.